ಹಿಟ್ಟಿನ ಹುಂಜ, ರಬ್ಬರಿನ ಹುಳು

ಗಿರಾಕಿ ಕೇಳಿದ್ದನ್ನು ಕೊಡುವುದಷ್ಟೇ ವ್ಯಾಪಾರಿಯ ಕೆಲಸ, ಅದನ್ನು ಅವನು ಏನು ಮಾಡಿಕೊಳ್ಳುತ್ತಾನೆಂಬುದು ಅವನ ಪಾಪಪುಣ್ಯ ಎಂಬ ಮಾತು ಪೇಟೆಯಲ್ಲಿ ಚಾಲ್ತಿಯಲ್ಲಿದೆ. ಅನ್ಯರ ಮಟ್ಟಿಗೆ ಅದು ಹೇಗೋ, ಶ್ರಾವಕನ ಮಟ್ಟಿಗಂತೂ ಈ ಮಾತಿಗೆ ಆಗಮದ ಆಧಾರ ಎಲ್ಲಿಯೂ ಇಲ್ಲ. ಆದರೂ ಈ ಮಾತನ್ನು ಅತಿ ಹೆಚ್ಚು ಆಡುವವರು ಅಣುವ್ರತದ ಪಟ್ಟಿಯನ್ನು ಬಾಯಿಪಾಠ ಹೇಳಬಲ್ಲ ವ್ಯಾಪಾರಿಗಳೇ ಆಗಿರುವುದು ವಿಚಾರಾರ್ಹ. ಈಗ ಈ ಮಾತಿನ ಜೊತೆಗೆ ಇನ್ನೊಂದು ಹೊಸ ಮಾತೂ ಸೇರಿಕೊಂಡಿದೆ. ಕ್ರೀಡಾ ಸಾಮಗ್ರಿಯ ಮಳಿಗೆಯಲ್ಲಿಯೋ ಪ್ಲಾಸ್ಟಿಕ್ ಸರಕಿನ ಅಂಗಡಿಯಲ್ಲಿಯೋ ಮಾದರಿ ಪೆಟ್ಟಿಗೆ ಬಿಚ್ಚಿಡುವ ಏಜೆಂಟನು, ಮಾಲೀಕರ ತಲೆಯ ಮೇಲೆ ತೂಗಿರುವ ತೀರ್ಥಂಕರರ ಚಿತ್ರಪಟವನ್ನು ನೋಡಿ, ದನಿ ತಗ್ಗಿಸಿ ಹೇಳುವ ಮಾತು ಅದು: ‘ಇದರಲ್ಲಿ ಜೀವ ಇಲ್ಲ ಸ್ವಾಮಿ, ಬರೀ ರಬ್ಬರು. ಎರೆಹುಳ ಸಾಯಿಸೋ ಪಾಪಾನೂ ಇಲ್ಲ. ಹಿಡಿದ ಮೀನನ್ನ ವಾಪಸ್ ನೀರಿಗೇ ಬಿಡ್ತಾರೆ.’

ಅಹಿಂಸೆಯ ಹೆಸರಿನಲ್ಲಿಯೇ ಗಾಳವನ್ನು ಶ್ರಾವಕನ ಕೈಗೆ ಕೊಡುವ ಈ ವಾದವನ್ನು ನಿಧಾನವಾಗಿ ಪರೀಕ್ಷಿಸುವುದು ಅವಶ್ಯ. ಏಕೆಂದರೆ ಇದು ಒರಟು ವಾದವಲ್ಲ, ನಯವಾದ ವಾದ.

ಮೊದಲು ವಸ್ತುವನ್ನು ತಿಳಿಯಬೇಕು. ರಬ್ಬರು ಎಂದು ಕರೆದರೂ ಅದು ರಬ್ಬರಲ್ಲ. ಪಿವಿಸಿ ಪ್ಲಾಸ್ಟಿಕ್ಕಿಗೆ ಮೆದುಗೊಳಿಸುವ ಎಣ್ಣೆಯನ್ನು ಬೆರೆಸಿ, ಕಾಯಿಸಿ, ಅಚ್ಚಿಗೆ ಹೊಯ್ದು ತೆಗೆದ ಹುಳು, ಕಪ್ಪೆ, ಪುಟ್ಟ ಮೀನುಗಳ ಆಕೃತಿಗಳು ಅವು. ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ ನಿಕ್ ಕ್ರೀಮ್ ಎಂಬಾತ 1949ರಲ್ಲಿ ಇಂತಹ ಮೊದಲ ಪ್ಲಾಸ್ಟಿಕ್ ಹುಳುವನ್ನು ತಯಾರಿಸಿದ. ಅಲ್ಲಿನ ಬಾಸ್ ಎಂಬ ಮೀನಿಗಾಗಿ ಹುಟ್ಟಿದ ಈ ಸರಕು ಇಂದು ಜಗತ್ತಿನ ದೊಡ್ಡ ವ್ಯಾಪಾರ. ಬಾಸ್ ಮೀನು ತುಮಕೂರು ಸೀಮೆಯ ಕೆರೆಗಳದ್ದಲ್ಲ. ಪೊಟ್ಟಣದ ಮೇಲೆ ಬಾಸ್ ಮೀನಿನ ಚಿತ್ರವಿದ್ದರೂ ಇಲ್ಲಿ ಅದಕ್ಕೆ ಬಲಿಯಾಗುವುದು, ಹೊಂಚು ಹಾಕಿ ಬೇಟೆಯಾಡುವ ಅದೇ ಸ್ವಭಾವದ ಕೊರವ ಮೀನು, ಇಂಗ್ಲಿಷರು ಮರಲ್ ಎಂದು ಕರೆದದ್ದು. ಬೆಂಗಳೂರಿನಿಂದ 70 ಕಿಲೋಮೀಟರಿನ ಆಸುಪಾಸಿನಲ್ಲಿರುವ ಕುಣಿಗಲ್ಲಿನ ದೊಡ್ಡಕೆರೆ, ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ, ಗುಬ್ಬಿಯ ಅಮಾನಿಕೆರೆ, ಕಡಬದ ಕೆರೆ ಇವೆಲ್ಲ ರಜೆಯ ದಿನ ಗಾಳದ ಕೋಲು ಹಿಡಿದು ಹೊರಡುವವರ ದಾರಿಯಲ್ಲಿಯೇ ಇವೆ. ಜನಪದರು ಹಾಡು ಕಟ್ಟಿ ಕೊಂಡಾಡಿದ ಕುಣಿಗಲ್ ಕೆರೆಯ ವೈಭೋಗ ಕಣ್ಣಿಗಾಗಿ ಇದ್ದದ್ದು ಎಂಬುದನ್ನು ಸದ್ಯಕ್ಕೆ ಬದಿಗಿಡೋಣ.

ಈ ಸರಕನ್ನು ಆರಿಸುವುದೇ ಒಂದು ವಿದ್ಯೆ. ನೀರು ಕದಡಿದ್ದರೆ ಕಪ್ಪು ಅಥವಾ ಕಡುನೀಲಿಯ ಹುಳು, ಏಕೆಂದರೆ ಮಬ್ಬಿನಲ್ಲಿ ಅದರ ನೆರಳು ಚೆನ್ನಾಗಿ ಕಾಣುತ್ತದೆ. ನೀರು ತಿಳಿಯಾಗಿದ್ದರೆ ಬೆಳಕು ಹಾಯುವ ಹಸಿರು ಅಥವಾ ಕಂದು, ಏಕೆಂದರೆ ಅಲ್ಲಿ ಸಹಜತೆಯಿಲ್ಲದಿದ್ದರೆ ಮೀನು ಸಂದೇಹಪಡುತ್ತದೆ. (ಈ ಬಣ್ಣಗಳಿಗೆ ಕಲ್ಲಂಗಡಿ, ಕುಂಬಳಕಾಯಿ ಎಂದು ಹೆಸರಿಟ್ಟಿದ್ದಾರೆ, ಪಟ್ಟಿಯನ್ನು ಓದಿದರೆ ಸಸ್ಯಾಹಾರಿಯ ಅಡುಗೆಮನೆಯ ನೆನಪಾಗಬೇಕು.) ಜೊಂಡು, ತಾವರೆ, ಅಂತರಗಂಗೆ ತುಂಬಿದ ನೀರಾದರೆ ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸಿಡಬೇಕು, ಆಗ ಅದು ಗಿಡಕ್ಕೆ ಸಿಕ್ಕಿಕೊಳ್ಳದು, ಬಾಯಿ ಮುಚ್ಚಿದ ಕೂಡಲೇ ಮೊನೆ ಮೆದು ಪ್ಲಾಸ್ಟಿಕ್ಕನ್ನು ಸೀಳಿ ಹೊರಬಂದು ಅಂಗುಳಕ್ಕೆ ನಾಟುತ್ತದೆ. ಕೊರವಕ್ಕಾದರೆ ಒಳಗೆ ಟೊಳ್ಳಾದ ಕಪ್ಪೆ. ಅದರ ಬೆನ್ನಿಗೆ ಒತ್ತಿಕೊಂಡಂತೆ ಎರಡು ಕೊಕ್ಕೆ. ಹುಳುವನ್ನು ತಳಕ್ಕಿಳಿಸಲು ಸೀಸದ ಗುಂಡು, ಜೊಂಡಿನ ನಡುವೆ ಎಳೆದರೂ ಹರಿಯದ ಹೆಣೆದ ದಾರ, ತುದಿಯ ಕಂಪನವನ್ನು ಬೆರಳಿಗೆ ಮುಟ್ಟಿಸುವ ಕೋಲು. ಇಷ್ಟೂ ಸಾಲದೆಂದು ಹುಳುವಿಗೆ ಉಪ್ಪು, ಬೆಳ್ಳುಳ್ಳಿ, ಸೋಂಪಿನ ವಾಸನೆ ಕೂಡಿಸುವುದುಂಟು. ಮೀನು, ಸೀಗಡಿಗಳ ಸತ್ವವನ್ನೇ ಸೇರಿಸಿದ ಜಾತಿಗಳೂ ಇವೆ. ‘ಇದರಲ್ಲಿ ಜೀವ ಇಲ್ಲ’ ಎಂಬ ಏಜೆಂಟನ ಮಾತನ್ನು ಒಪ್ಪುವ ಮುನ್ನ ಪೊಟ್ಟಣದ ಹಿಂಬದಿಯನ್ನಾದರೂ ಓದಬಹುದಿತ್ತು.

ಇಡೀ ಶಾಸ್ತ್ರದ ಮೂಲಸೂತ್ರ ಒಂದೇ: ಇಲ್ಲದ್ದನ್ನು ಇದೆಯೆಂದು ತೋರಿಸುವುದು, ಇರುವುದನ್ನು ಮರೆಮಾಡುವುದು. ಇದಕ್ಕೆ ಜೈನ ಪರಿಭಾಷೆಯಲ್ಲಿ ಬೇರೆ ಹೆಸರು ಹುಡುಕಬೇಕಾಗಿಲ್ಲ. ಇದು ಮಾಯೆ, ನಾಲ್ಕು ಕಷಾಯಗಳಲ್ಲಿ ಮೂರನೆಯದು. ತಿರ್ಯಂಚಾಯುವಿನ ಆಸ್ರವಕ್ಕೆ ಕಾರಣ ಮಾಯೆ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಸ್ಪಷ್ಟಪಡಿಸಿದ್ದಾರೆ. ವಂಚಿಸುವವನು ವಂಚನೆಗೊಳಗಾಗುವ ಯೋನಿಗೇ ಹೋಗುತ್ತಾನೆ ಎಂಬ ಈ ಲೆಕ್ಕ ಎಷ್ಟು ನಿಷ್ಠುರವಾದುದೆಂಬುದನ್ನು ತಿಳಿಯಬೇಕಾದರೆ ಕನ್ನಡಿಗರು ದೂರ ಹೋಗಬೇಕಾದದ್ದಿಲ್ಲ. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯನ್ನು ಓದಿದರೆ ಸಾಕು.

ಉಜ್ಜಯಿನಿಯ ಅರಸು ಯಶೋಧರನು ಜೀವಬಲಿಗೆ ಒಪ್ಪಲಿಲ್ಲ. ಅದು ಪಾಪವೆಂಬುದು ಅವನಿಗೆ ತಿಳಿದಿತ್ತು. ತಾಯಿ ಚಂದ್ರಮತಿಯ ಬಲವಂತವನ್ನೂ ಮೀರಲಾರದೆ ಅವನು ನಡುದಾರಿಯೊಂದನ್ನು ಹಿಡಿದ: ಹಿಟ್ಟಿನ ಹುಂಜವನ್ನು ಮಾಡಿ ಬಲಿಕೊಟ್ಟ. ಜೀವವಿಲ್ಲದ ವಸ್ತು, ರಕ್ತ ಹರಿಯಲಿಲ್ಲ, ಯಾರ ಪ್ರಾಣವೂ ಹೋಗಲಿಲ್ಲ. ಪೇಟೆಯ ಮಾತಿನಲ್ಲಿ ಹೇಳುವುದಾದರೆ ಯಾರಿಗೂ ನಷ್ಟವಿಲ್ಲದ ವ್ಯವಹಾರ. ಆ ಒಂದು ಸಂಕಲ್ಪಕ್ಕಾಗಿ ತಾಯಿಮಗ ಇಬ್ಬರೂ ನವಿಲು ನಾಯಿಗಳಿಂದ ಮೊದಲಾಗಿ ಕೋಳಿಗಳವರೆಗೆ ಜನ್ಮ ಜನ್ಮಾಂತರಗಳಲ್ಲಿ ತೊಳಲಬೇಕಾಯಿತು. ಆ ಜನ್ಮಗಳಲ್ಲಿ ಒಂದು ಮೀನಿನದು. ಹಿಟ್ಟಿನ ಆಕೃತಿಯನ್ನು ಕಡಿದ ಅರಸು ಬಲೆಗೆ ಸಿಕ್ಕಿ ಸಾಯುವ ಮೀನಾದ.

ಇಲ್ಲಿ ಬುದ್ಧಿವಂತ ಓದುಗರು ಒಂದು ಆಕ್ಷೇಪವನ್ನೆತ್ತಬಹುದು. ಯಶೋಧರನಿಗೆ ಹುಂಜವನ್ನು ಕೊಲ್ಲುವ ಭಾವವಿತ್ತು. ರಬ್ಬರಿನ ಹುಳುವನ್ನು ಕಟ್ಟುವವನಿಗೆ ಹುಳುವನ್ನು ಕೊಲ್ಲುವ ಭಾವವಿಲ್ಲ. ಆದ್ದರಿಂದ ದೃಷ್ಟಾಂತ ಹೊಂದುವುದಿಲ್ಲ ಎಂದು. ಆಕ್ಷೇಪ ನ್ಯಾಯವಾದದ್ದೇ. ದೃಷ್ಟಾಂತ ಹೊಂದುವುದಿಲ್ಲ, ಯಶೋಧರನ ಪರವಾಗಿ ಹೊಂದುವುದಿಲ್ಲ. ಅವನ ಹಿಟ್ಟಿನ ಹುಂಜದೊಳಗೆ ಉಕ್ಕಿನ ಕೊಕ್ಕೆ ಇರಲಿಲ್ಲ. ಅದು ಇನ್ನೊಂದು ಜೀವವನ್ನು ಬಳಿಗೆ ಕರೆದು ಇರಿಯಲೆಂದು ಮಾಡಿದ್ದಾಗಿರಲಿಲ್ಲ. ಕೇವಲ ಭಾವಹಿಂಸೆಗೇ ಅಷ್ಟು ಜನ್ಮಗಳ ದಂಡವಾದರೆ, ಭಾವಹಿಂಸೆ ದ್ರವ್ಯಹಿಂಸೆ ಎರಡೂ ಒಂದೇ ಅಚ್ಚಿನಲ್ಲಿ ಎರಕಗೊಂಡ ವಸ್ತುವಿಗೆ ಎಷ್ಟೆಂದು ವ್ಯಾಪಾರಿಗಳೇ ಬಡ್ಡಿ ಕಟ್ಟಿ ನೋಡಬಹುದು.

ಎರೆಹುಳುವನ್ನು ಉಳಿಸಿದ ಪುಣ್ಯದ ಲೆಕ್ಕವನ್ನೂ ಇಲ್ಲಿಯೇ ಮುಗಿಸಿಬಿಡಬೇಕು. ಎರೆಹುಳು ದ್ವೀಂದ್ರಿಯ ಜೀವ, ಸ್ಪರ್ಶ ರಸನಗಳೆರಡೇ ಅದಕ್ಕೆ. ಮೀನು ಪಂಚೇಂದ್ರಿಯ. ಅಷ್ಟೇ ಅಲ್ಲ, ಸಂಜ್ಞಿ ಪಂಚೇಂದ್ರಿಯ ತಿರ್ಯಂಚಕ್ಕೆ ಸಮ್ಯಕ್ತ್ವವೂ ದೇಶವ್ರತವೂ ಸಾಧ್ಯ, ಐದನೆಯ ಗುಣಸ್ಥಾನದವರೆಗೆ ಅದು ಏರಬಲ್ಲದು ಎಂಬುದು ಸಿದ್ಧಾಂತ. ಎರಡು ಇಂದ್ರಿಯದ ಜೀವಕ್ಕೆ ಕರುಣೆ ತೋರಿ ಐದು ಇಂದ್ರಿಯದ ಜೀವದ ಬಾಯಿಯನ್ನು ಚುಚ್ಚುವುದು, ಚಿಲ್ಲರೆಯನ್ನು ಜೋಪಾನ ಮಾಡಿ ತಿಜೋರಿಯನ್ನು ತೆರೆದಿಟ್ಟಂತೆ. ಮೀನಿಗೆ ನೋವಿನ ಅರಿವಿಲ್ಲ ಎಂದು ಗಾಳಗಾರರು ಬಹುಕಾಲ ಹೇಳಿಕೊಂಡು ಬಂದರು. ಎಡಿನ್‌ಬರೋದ ರೋಸ್ಲಿನ್ ಸಂಸ್ಥೆಯಲ್ಲಿ ಲಿನ್ ಸ್ನೆಡ್ಡನ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಸಂಶೋಧನೆಯು ಟ್ರೌಟ್ ಮೀನಿನ ತಲೆ ಮತ್ತು ತುಟಿಯ ಭಾಗಗಳಲ್ಲಿ ನೋವಿನ ಪ್ರಚೋದನೆಯನ್ನು ಗ್ರಹಿಸುವ ನರತುದಿಗಳಿರುವುದನ್ನು ತೋರಿಸಿತು. ತುಟಿಗೆ ಆಮ್ಲ ಚುಚ್ಚಿದಾಗ ಅವು ಮೇವನ್ನು ಬಿಟ್ಟು, ತಳದ ಜಲ್ಲಿಗೆ ತುಟಿಯನ್ನು ಉಜ್ಜಿಕೊಂಡವು. ಮೀನಿಗೆ ಸ್ಪರ್ಶನೇಂದ್ರಿಯವಿದೆಯೆಂದು ಬಾಲಬೋಧೆಯಲ್ಲಿಯೇ ಕಲಿಯುವ ಜೈನ ಮಕ್ಕಳಿಗೆ ಇದು ಹೊಸದೇನಲ್ಲ. ಆ ಪ್ರಯೋಗವೇ ಒಂದು ಕ್ರೌರ್ಯವೆಂಬುದೂ ಅವರಿಗೆ ಹೊಳೆಯದಿರದು.

ಕೊರವದ ವಿಷಯದಲ್ಲಿ ಇನ್ನೂ ಒಂದು ಸಂಗತಿಯುಂಟು. ಇದೇ ಈ ವ್ಯಾಪಾರದ ಒಡಲಿನ ಮಾತು.

ವೈರಾಗ್ಯಬೋಧೆಯಲ್ಲಿ ಐದು ಇಂದ್ರಿಯಗಳಿಗೆ ಐದು ಪ್ರಾಣಿಗಳನ್ನು ಉದಾಹರಿಸುವ ಪದ್ಧತಿ ಹಳೆಯದು. ಸ್ಪರ್ಶಕ್ಕೆ ಆನೆ, ಗಂಧಕ್ಕೆ ದುಂಬಿ, ರೂಪಕ್ಕೆ ಪತಂಗ, ಶಬ್ದಕ್ಕೆ ಜಿಂಕೆ. ರಸನೆಯ ಚಾಪಲ್ಯದಿಂದ ಕೆಡುವುದಕ್ಕೆ ಗಾಳದ ಮೀನು. ಮೀನು ನಾಲಗೆಯ ಆಸೆಯಿಂದ ಸಾಯುತ್ತದೆ, ತಪ್ಪು ಅದರದೂ ಹೌದು ಎಂಬ ಒಂದು ಸಣ್ಣ ಸಮಾಧಾನ ಈ ಉದಾಹರಣೆಯಲ್ಲಿ ಉಳಿದುಬಿಟ್ಟಿದೆ. ಕೊರವಕ್ಕೆ ಈ ಮಾತು ಪೂರ್ತಿ ಸಲ್ಲದು. ಅದು ಮರಿಗಳನ್ನು ಕಾಯುವ ಮೀನು. ಮಳೆಗಾಲದಲ್ಲಿ ಜೊಂಡಿನ ನಡುವೆ ನೆಲೆ ಮಾಡಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮೇಲೆ ಕೆಂಪುಛಾಯೆಯ ಸಣ್ಣ ಮರಿಗಳು ಗುಂಪುಗೂಡಿ ನೀರಿನ ಮೇಲ್ಮೈಯಲ್ಲಿ ಕುದಿಯುವಂತೆ ಚಲಿಸುತ್ತವೆ, ಅವುಗಳ ಕೆಳಗೆ ತಾಯ್ತಂದೆ ಮೀನುಗಳು ಕಾವಲಿರುತ್ತವೆ. ಗಾಳಗಾರನು ಹುಡುಕುವುದು ಈ ಕೆಂಪು ಗುಂಪನ್ನೇ. ಅದರ ನಡುವೆ ಪ್ಲಾಸ್ಟಿಕ್ ಕಪ್ಪೆಯನ್ನು ಎಸೆದು ಎಳೆಯುತ್ತಾನೆ. ಕೆಳಗಿನ ಮೀನು ಮೇಲೆದ್ದು ಎರಗುವುದು ಹಸಿವಿನಿಂದಲ್ಲ. ಮರಿಗಳ ನಡುವೆ ನುಗ್ಗಿದ ಶತ್ರುವನ್ನು ಓಡಿಸಲು. ಅಮೆರಿಕದ ಬಾಸ್ ಮೀನಿನಲ್ಲಿಯೂ ಗಂಡು ಗೂಡನ್ನು ಕಾಯುತ್ತದೆ. ಅಲ್ಲಿಯೂ ಗೂಡಿನ ಮೇಲೆ ಹುಳುವನ್ನು ಇಳಿಬಿಟ್ಟು ಕೆರಳಿಸಿ ಹಿಡಿಯುವ ಕ್ರಮವಿದೆ. ಕಪ್ಪೆಯ ಆಕೃತಿಯನ್ನು ಆರಿಸಿ ಕೊಡುವ ಅಂಗಡಿಯವನು ಮಾರುತ್ತಿರುವುದು ಮೀನಿನ ನಾಲಗೆಯನ್ನಲ್ಲ, ಅದರ ವಾತ್ಸಲ್ಯವನ್ನು.

ಮಳೆಗಾಲದ ಆ ತಿಂಗಳುಗಳು ಯಾವುವೆಂಬುದನ್ನೂ ಜ್ಞಾಪಿಸಿಕೊಳ್ಳಬೇಕು. ಅವು ಚಾತುರ್ಮಾಸದ ತಿಂಗಳುಗಳು. ಹಸಿರು ಚಿಗುರಿ ಜೀವರಾಶಿ ಹೆಚ್ಚಿದ ನೆಲದ ಮೇಲೆ ಕಾಲಿಡಬಾರದೆಂದು ಮುನಿಗಳು ವಿಹಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸುವ ಕಾಲ. ಮುನಿಗಳಿಗೆ ಆಹಾರದಾನ ಮಾಡಿದ ಕೈಯೇ ಮಧ್ಯಾಹ್ನ ಅಂಗಡಿಯಲ್ಲಿ ಕಪ್ಪೆಗೊಂಬೆಯ ಪೊಟ್ಟಣಕ್ಕೆ ಬಿಲ್ಲು ಬರೆಯುವುದಾದರೆ, ಪೂಜ್ಯರು ಯಾವ ಮನೆಯಲ್ಲಿ ಆಹಾರ ಸ್ವೀಕರಿಸಿದಂತಾಯಿತು?

ಹಿಡಿದು ಬಿಟ್ಟರೆ ಹಿಂಸೆಯಿಲ್ಲವಲ್ಲ ಎಂಬುದು ಉಳಿದ ವಾದ. ಕಾವಲು ಮೀನನ್ನು ನೀರಿನಿಂದೆತ್ತಿ, ಅಳೆದು, ತೂಗಿ, ಚಿತ್ರ ತೆಗೆದು ಬಿಡುವಷ್ಟರಲ್ಲಿ ಮರಿಗಳಿಗೆ ಇತರ ಮೀನುಗಳು ಎರಗಿರುತ್ತವೆ. ಅದು ಹೋಗಲಿ. ಬದುಕುವುದಕ್ಕಾಗಿ ಹಿಡಿಯುವುದಲ್ಲ, ಬಿಡುವುದಕ್ಕಾಗಿಯೇ ಹಿಡಿಯುವುದೆಂದರೆ ನೋವಿಗೆ ಇದ್ದ ಒಂದು ನೆಪವೂ ಇಲ್ಲವಾಯಿತು ಎಂದರ್ಥ. ಸ್ವಿಟ್ಜರ್ಲೆಂಡಿನಂತಹ ಮಾಂಸಾಹಾರಿ ದೇಶ ಇದನ್ನು ಗ್ರಹಿಸಿತು. ಅಲ್ಲಿ 2008ರ ಪ್ರಾಣಿಸಂರಕ್ಷಣಾ ನಿಯಮಾವಳಿಯು ಬಿಟ್ಟುಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿತು. ಜೈನಾಚಾರ್ಯರಂತೂ ಸಾವಿರ ವರ್ಷಗಳ ಹಿಂದೆಯೇ ಈ ಪ್ರಶ್ನೆಯನ್ನು ತೀರ್ಮಾನಿಸಿದ್ದಾರೆ. ಸೋಮದೇವಸೂರಿಗಳು ಯಶಸ್ತಿಲಕದ ಉಪಾಸಕಾಧ್ಯಯನದಲ್ಲಿ ಬೆಸ್ತನನ್ನೂ ಬೇಸಾಯಗಾರನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತಾರೆ. ಉಳುವಾಗ ಜೀವಗಳು ಸತ್ತರೂ ಬೇಸಾಯಗಾರನ ಭಾವ ಕೊಲ್ಲುವುದರಲ್ಲಿಲ್ಲ. ಒಂದೂ ಮೀನು ಸಿಗದೆ ದಿನವೆಲ್ಲ ಕುಳಿತರೂ ಬೆಸ್ತನ ಭಾವ ಅದರಲ್ಲಿಯೇ ಇದೆ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿದ್ದ ಅಕ್ಕಿಕಾಳಿನಷ್ಟು ತಂದುಲಮತ್ಸ್ಯವು ಒಂದು ಮೀನನ್ನೂ ತಿನ್ನದೆ, ತಿನ್ನಬೇಕೆಂಬ ಯೋಚನೆಯೊಂದರಿಂದಲೇ ಏಳನೆಯ ನರಕಕ್ಕೆ ಹೋದ ಕಥೆಯನ್ನು ಕೇಳದ ಶ್ರಾವಕನಿಲ್ಲ.

ಹಾಗಾದರೆ ಬೆಸ್ತರನ್ನು ದೂಷಿಸಬೇಕೆ ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ಹರಿಗೋಲಿನಲ್ಲಿ ಕುಳಿತು ಬಲೆ ಬೀಸಿ ಹೊಟ್ಟೆ ಹೊರೆಯುವ ಕುಟುಂಬಗಳಿಗೆ ಜೀವನೋಪಾಯದ ಒತ್ತಡವಿದೆ. ಕೆರೆಯ ಮೀನಿನ ಹಕ್ಕನ್ನು ಸರ್ಕಾರವೇ ಗುತ್ತಿಗೆ ಕೊಡುತ್ತದೆ. ಆ ಹಣವನ್ನು ಕಟ್ಟಿ ದುಡಿಯುವವರ ಮುಂದೆ ನಿಂತು ಉಪದೇಶ ಮಾಡುವುದು ಸುಲಭದ ಸಾಹಸ. ಅದೇ ಯಶಸ್ತಿಲಕದಲ್ಲಿ ಅಹಿಂಸಾವ್ರತದ ಫಲಕ್ಕೆ ಉದಾಹರಣೆಯಾಗಿ ಬರುವವನು ಮೃಗಸೇನನೆಂಬ ಬೆಸ್ತನೇ. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲುವುದಿಲ್ಲವೆಂದು ಮುನಿಗಳಿಂದ ವ್ರತ ಪಡೆದ. ಅಂದು ಒಂದೇ ಮೀನು ಐದು ಬಾರಿ ಸಿಕ್ಕಿತು, ಐದು ಬಾರಿಯೂ ಗುರುತಿಸಿ ಬಿಟ್ಟ. ಬರಿಗೈಯಲ್ಲಿ ಮನೆಗೆ ಬಂದ, ಹೆಂಡತಿ ಬಾಗಿಲು ಹಾಕಿದಳು, ಹೊರಗೆ ಮಲಗಿ ಹಾವು ಕಚ್ಚಿ ಸತ್ತ. ಮುಂದಿನ ಜನ್ಮದಲ್ಲಿ ಅವನ ಪ್ರಾಣ ಐದು ಬಾರಿ ಉಳಿಯಿತು. ಆ ಜನ್ಮದಲ್ಲಿ ಅವನನ್ನು ಕೊಲ್ಲಿಸಲು ಮತ್ತೆ ಮತ್ತೆ ಹೊಂಚಿದವನು ಒಬ್ಬ ಶ್ರೇಷ್ಠಿ ಎಂಬುದನ್ನು ಪ್ರವಚನಕಾರರು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ. ಮೃಗಸೇನನು ಬಿಟ್ಟದ್ದು ವ್ರತಕ್ಕಾಗಿ, ಉಪವಾಸವಿದ್ದು. ಪ್ಲಾಸ್ಟಿಕ್ ಕಪ್ಪೆಯ ವಿನೋದಗಾರನು ಬಿಡುವುದು ಚಿತ್ರ ತೆಗೆದಾದ ಮೇಲೆ, ಊಟದ ಬುತ್ತಿ ಪಕ್ಕದಲ್ಲಿಟ್ಟುಕೊಂಡು.

ಈ ಲೇಖನದ ವಾದವಿರುವುದು ಮಾರುವವನ ಮೇಲೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು, ವಧೆಗೆ ಕಾರಣವಾಗುವ ಸಾಧನಗಳನ್ನು ಕೊಡುವುದು. ಪಾಪೋಪದೇಶ ಇನ್ನೊಂದು. ಕದಡಿದ ನೀರಿಗೆ ಕಪ್ಪು ಹುಳು ಒಳ್ಳೆಯದೆಂದು ಗಿರಾಕಿಗೆ ಹೇಳಿಕೊಡುವ ವ್ಯಾಪಾರಿಗೆ ಎರಡೂ ಒಂದೇ ಗಲ್ಲಾದ ಮುಂದೆ ಸಿದ್ಧಿಸುತ್ತವೆ. ಕಾರ್ತಿಕೇಯಾನುಪ್ರೇಕ್ಷೆಯು ಆಯುಧಗಳ ಮಾರಾಟವನ್ನು ಹೆಸರಿಸಿಯೇ ನಿಷೇಧಿಸುತ್ತದೆ. ಶ್ವೇತಾಂಬರ ಬಂಧುಗಳಿಗೆ ಹದಿನೈದು ಕರ್ಮಾದಾನಗಳ ಪಟ್ಟಿಯಿದೆ. ‘ಚಾಕು ಮಾರುವುದಿಲ್ಲವೆ, ಕೊಡಲಿ ಮಾರುವುದಿಲ್ಲವೆ’ ಎಂದು ಕೇಳುವುದುಂಟು. ಚಾಕುವಿನಿಂದ ತರಕಾರಿ ಹೆಚ್ಚಬಹುದು. ಗಾಳದ ಕೊಕ್ಕೆಯಿಂದ ಮನೆಯಲ್ಲಿ ಯಾವ ಕೆಲಸ ಆಗುತ್ತದೆಂದು ಯಾರೂ ಇದುವರೆಗೆ ಹೇಳಿಲ್ಲ.

‘ತಾನು ಮಾರದಿದ್ದರೆ ಪಕ್ಕದ ಅಂಗಡಿಯವನು ಮಾರುತ್ತಾನೆ’ ಎಂಬುದಕ್ಕೆ ಜಪಮಾಲೆಯೇ ಉತ್ತರ. ಸಂರಂಭ, ಸಮಾರಂಭ, ಆರಂಭ ಮೂರು, ಮನೋವಚನಕಾಯ ಮೂರು, ಕೃತ, ಕಾರಿತ, ಅನುಮತ ಮೂರು, ಕಷಾಯ ನಾಲ್ಕು. ಗುಣಿಸಿದರೆ 108. ಪ್ರತಿದಿನ ಎಣಿಸುವ ಆ ಮಣಿಗಳಲ್ಲಿ ‘ಪಕ್ಕದ ಅಂಗಡಿಯವನು’ ಎಂಬ ಮಣಿ ಇಲ್ಲ. ಅಜೀವಾಧಿಕರಣವನ್ನು ವಿವರಿಸುವಲ್ಲಿ ವಸ್ತುವನ್ನು ನಿರ್ಮಿಸುವುದು, ಇಡುವುದು, ಒಂದರೊಡನೊಂದನ್ನು ಜೋಡಿಸುವುದು ಇವುಗಳನ್ನೂ ಸೂತ್ರಕಾರರು ಎಣಿಸಿದ್ದಾರೆ. ಹುಳುವಿಗೆ ತಕ್ಕ ಕೊಕ್ಕೆ, ಕೊಕ್ಕೆಗೆ ತಕ್ಕ ಸೀಸ ಎಂದು ಜೋಡಿಸಿ ಕಟ್ಟಿಕೊಡುವ ಕೈಗೆ ಇದಕ್ಕಿಂತ ನೇರವಾದ ಮಾತು ಬೇಕಿಲ್ಲ. ಸೀಸದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಹಂಸಗಳು ಸೀಸದ ಗುಂಡುಗಳನ್ನು ನುಂಗಿ ವಿಷವೇರಿ ಸಾಯುತ್ತಿದ್ದುದರಿಂದ ಬ್ರಿಟನ್ 1987ರಲ್ಲಿ ಗಾಳದ ಸಣ್ಣ ಸೀಸದ ಮಾರಾಟವನ್ನು ನಿಷೇಧಿಸಿತು. ಹರಿದುಹೋದ ಪ್ಲಾಸ್ಟಿಕ್ ಹುಳುಗಳು ಕೆರೆಯ ತಳದಲ್ಲಿ ಕರಗದೆ ಉಳಿಯುತ್ತವೆ, ಮೀನಿನ ಹೊಟ್ಟೆ ಸೇರುತ್ತವೆ. ಅಮೆರಿಕದ ಮೇನ್ ರಾಜ್ಯದಲ್ಲಿ 2013ರಲ್ಲಿ ಅವನ್ನು ನಿಷೇಧಿಸುವ ಮಸೂದೆಯೇ ಮಂಡನೆಯಾಗಿತ್ತು. ಅದು ನಿಷೇಧದವರೆಗೆ ಮುಟ್ಟಲಿಲ್ಲ.

ಇನ್ನು ಟ್ರಸ್ಟುಗಳ ವಿಷಯ. ಬಸದಿಯ ಮಳಿಗೆಗಳ ಬಾಡಿಗೆ ಕರಾರಿನಲ್ಲಿ ಮದ್ಯ ಮಾಂಸ ಮಾರಬಾರದೆಂಬ ಷರತ್ತನ್ನು ಸಾಮಾನ್ಯವಾಗಿ ಬರೆಯುತ್ತಾರೆ. ಗಾಳ ಬಲೆಗಳ ಹೆಸರನ್ನು ಬರೆಯುವವರು ಅಪರೂಪ. ಮಾಂಸ ಕಣ್ಣಿಗೆ ಕಾಣುತ್ತದೆ, ವಾಸನೆ ಬರುತ್ತದೆ. ಬಣ್ಣದ ಪೊಟ್ಟಣದ ಪ್ಲಾಸ್ಟಿಕ್ ಹುಳುವಿಗೆ ಅಂತಹ ತೊಂದರೆಯಿಲ್ಲ. ಆ ಬಾಡಿಗೆಯಿಂದ ನಿತ್ಯಪೂಜೆಯ ತುಪ್ಪದ ದೀಪ ಉರಿಯುತ್ತದೆ. ಗೃಹಸ್ಥನ ಗುಣಗಳನ್ನು ಎಣಿಸುವಾಗ ಆಶಾಧರರು ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೇ ಇಟ್ಟಿದ್ದು ಬಸದಿಗಳಿಗೂ ಅನ್ವಯಿಸಬೇಡವೆ? ಹೀರವಿಜಯ ಸೂರಿಗಳು 1583ರಲ್ಲಿ ಫತೇಪುರ ಸಿಕ್ರಿಗೆ ಹೋದರು. ಅವರ ಉಪದೇಶದಿಂದ ಅಕ್ಬರನು ಅಲ್ಲಿನ ಡಾಬರ್ ಸರೋವರದಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿದ. ಚಕ್ರವರ್ತಿಯ ಕೆರೆಯ ಮೀನಿಗಾಗಿ ಬಾಯಿಬಿಟ್ಟ ಸಮಾಜಕ್ಕೆ ತನ್ನದೇ ಬಾಡಿಗೆದಾರನ ಮುಂದೆ ಮಾತು ಹೊರಡದಿರುವುದು ಆಶ್ಚರ್ಯ. ರಾಷ್ಟ್ರಕೂಟ ಮೂರನೆಯ ಗೋವಿಂದನು ಅರ್ಕಕೀರ್ತಿ ಮುನಿಗೆ ಕೊಟ್ಟ ದತ್ತಿಯನ್ನು ಹೇಳುವ ತಾಮ್ರಪಟಗಳು ದೊರೆತದ್ದು ಗುಬ್ಬಿ ತಾಲ್ಲೂಕಿನ ಕಡಬದಲ್ಲಿ. ಅದೇ ತಾಲ್ಲೂಕಿನ ನಿಟ್ಟೂರಿನಲ್ಲಿ ಶಾಂತೀಶ್ವರ ಬಸದಿಯಿದೆ. ತುಮಕೂರಿನ ಪಕ್ಕದ ಮಂದರಗಿರಿಯಲ್ಲಿ ನಿಂತರೆ ಮೈದಾಳ ಕೆರೆ ಕಾಲ ಕೆಳಗೇ ಕಾಣುತ್ತದೆ. ಬೆಟ್ಟದ ಬುಡದಲ್ಲಿ ನವಿಲುಗರಿಯ ಪಿಂಛಿಯ ಆಕಾರದ ಗುರುಮಂದಿರವಿದೆ. ಪಿಂಛಿ ಇರುವುದು ಇರುವೆಯನ್ನೂ ನೋಯಿಸದೆ ಬದಿಗೆ ಸರಿಸಲು. ಅದರ ನೆರಳು ಬೀಳುವ ಊರಿನ ಜೈನ ಅಂಗಡಿಯಲ್ಲಿ ಕೊಂಡ ಕೊಕ್ಕೆ ಆ ಕೆರೆಗೆ ಬೀಳಬಾರದೆಂದು ಅಪೇಕ್ಷಿಸುವುದು ಅತಿಯಾಸೆಯೇನಲ್ಲ.

ಟ್ರಸ್ಟುಗಳು ಮುಂದಿನ ಕರಾರು ನವೀಕರಣದಲ್ಲಿ ಒಂದು ಸಾಲು ಸೇರಿಸಬಹುದು; ಅದಕ್ಕೆ ಮಹಾಸಭೆ ಬೇಕಾಗಿಲ್ಲ, ವಕೀಲರ ಒಂದು ಗಂಟೆ ಸಾಕು. ಈಗಾಗಲೇ ಸರಕನ್ನು ತರಿಸಿ ಇಟ್ಟುಕೊಂಡ ವ್ಯಾಪಾರಿಯ ಪ್ರಶ್ನೆ ಸ್ವಲ್ಪ ಕಠಿಣ. ಉಳಿದದ್ದನ್ನು ಮಾರಿ ಮುಗಿಸಿ ಆಮೇಲೆ ನಿಲ್ಲಿಸುವುದೆಂದರೆ ವ್ರತವನ್ನು ಲಾಭವಾದ ಮೇಲೆ ಹಿಡಿಯುವುದು. ಸಗಟು ವ್ಯಾಪಾರಿಗೆ ಹಿಂದಿರುಗಿಸಿದರೆ ಅದು ಮತ್ತೊಂದು ಅಂಗಡಿಗೆ ಹೋಗುತ್ತದೆ. ಸುಟ್ಟರೆ ಪಿವಿಸಿಯಿಂದ ವಿಷದ ಹೊಗೆ. ಕೊಕ್ಕೆಗಳನ್ನು ಮುರಿದು ಹಳೆಯ ಕಬ್ಬಿಣಕ್ಕೆ ಹಾಕಿ, ಸೀಸವನ್ನು ಕರಗಿಸುವವರಿಗೆ ಕೊಟ್ಟು, ಪ್ಲಾಸ್ಟಿಕ್ಕನ್ನು ತುಂಡರಿಸಿ ನಗರಪಾಲಿಕೆಯ ಒಣಕಸದ ಗಾಡಿಗೆ ಒಪ್ಪಿಸಿ, ಖರೀದಿಯ ಬೆಲೆಯನ್ನು ಆ ವರ್ಷದ ಲೆಕ್ಕದಲ್ಲಿ ನಷ್ಟವೆಂದು ಬರೆದುಕೊಳ್ಳುವುದೊಂದೇ ಉಳಿದ ದಾರಿ. ಆ ಮೊತ್ತವನ್ನು ದಾನದ ಖಾತೆಗೆ ಹಾಕಬಾರದು.